ಸೇತುವೆ ಕಾಯುವ ಕೊಡಲಿ ಮಾವನವರಿಗೆ, ಮುನ್ನೂರ ಹನ್ನೆರಡು ಸಲ ಸತ್ತವನ ಮನವಿ

ಮೂರನೆಯ ಹಂತದ ಸೇತುವೆಯ ಆಚೆ ತುದಿಯಲ್ಲಿ ಕೂರದೆ, ಒರಗದೆ, ಒಂದು ದಿನವೂ ರಜೆ ಹಾಕದೆ ನಿಂತೇ ಇರುವ, ಎಡಗೈಯಲ್ಲಿ ಸರಪಳಿಯನ್ನೂ ಬಲಗೈಯಲ್ಲಿ ಕೊಡಲಿಯನ್ನೂ ಧರಿಸಿರುವ ಮಾನ್ಯರೇ,

ತಮ್ಮ ಪಾದಗಳಿಗೆ ನಮಸ್ಕಾರಗಳು. ಪಾದಗಳಿವೆ ಎಂದು ಊಹೆಯ ಮೇಲೆ ಬರೆಯುತ್ತಿದ್ದೇನೆ. ಅವು ಪರದೆಯ ಕೆಳಭಾಗದಲ್ಲಿ, ನನ್ನ ಎರಡು ಹೆಬ್ಬೆರಳುಗಳ ಅಡಿಯಲ್ಲೇ ಸದಾ ಇರುವುದರಿಂದ, ಇಷ್ಟು ದಿನಗಳ ಒಡನಾಟದಲ್ಲಿಯೂ ಅವುಗಳ ದರ್ಶನ ನನಗೆ ಆಗಿಲ್ಲ. ಇನ್ನು ಪತ್ರದ ಮರ್ಯಾದೆಯಂತೆ ತಮ್ಮ ಆರೋಗ್ಯವನ್ನು ವಿಚಾರಿಸಬೇಕು. ಆದರೆ ಅದು ಪರದೆಯ ನೆತ್ತಿಯ ಮೇಲೆ ಕೆಂಪು ಪಟ್ಟಿಯಾಗಿ ಈ ಅಂಚಿನಿಂದ ಆ ಅಂಚಿನವರೆಗೆ ಎಲ್ಲರಿಗೂ ಕಾಣುವಂತೆ ಹಾಸಿಕೊಂಡಿದೆ, ಮತ್ತು ಅದಕ್ಕೆ ನನ್ನಿಂದ ಇದುವರೆಗೆ ಆಗಿರುವ ಅತಿ ಹೆಚ್ಚಿನ ಹಾನಿಯೆಂದರೆ ಬಲತುದಿಯಲ್ಲಿ ಒಂದು ಸಾಸಿವೆಯಷ್ಟು. ಅದಕ್ಕಾಗಿಯೂ ಕ್ಷಮೆ ಕೋರುತ್ತೇನೆ. ಅದು ಕೈತಪ್ಪಿ ಆದದ್ದು.

ನನ್ನ ಪರಿಚಯವನ್ನು ತಾವು ಕೇಳಿಲ್ಲ, ಕೇಳುವಷ್ಟು ಹೊತ್ತು ನಾನು ಬದುಕಿಯೂ ಇಲ್ಲ, ಆದ್ದರಿಂದ ಇಲ್ಲೇ ಹೇಳಿಬಿಡುತ್ತೇನೆ. ನಾನು ಹತ್ತೊಂಬತ್ತು ವರ್ಷಗಳಿಂದ ಜನರಿಗೆ ಕಾರು ಓಡಿಸುವುದನ್ನು ಕಲಿಸುತ್ತಿರುವವನು. ಮನೆಯ ಮುಂದಿನ ಕೋಣೆಯೇ ಶಾಲೆ. ಅಲ್ಲಿ ಒಂದು ಮೇಜು, ಮೂರು ಕುರ್ಚಿ, ಗೋಡೆಯ ಮೇಲೆ ಬಣ್ಣ ಮಾಸಿದ ರಸ್ತೆ ಚಿಹ್ನೆಗಳ ಪಟ, ಬಾಗಿಲ ಹೊರಗೆ ನಾಲ್ಕೂ ಮೂಲೆ ತರಚಿದ ಒಂದು ಕಾರು. ಕಲಿಸುವ ಕಾರಿನಲ್ಲಿ ನನ್ನ ಕಾಲ ಬಳಿ ಇನ್ನೊಂದು ಬ್ರೇಕು ಇರುತ್ತದೆ ಎಂಬುದನ್ನು ತಾವು ದಯವಿಟ್ಟು ಈಗಲೇ ಗಮನಕ್ಕೆ ತೆಗೆದುಕೊಳ್ಳಬೇಕು, ಏಕೆಂದರೆ ನನ್ನ ದೂರಿನ ಬೇರು ಅಲ್ಲಿದೆ. ಕಲಿಯುವವರು ತಪ್ಪಿದಾಗ ನಾನು ಅದನ್ನು ಒತ್ತುತ್ತೇನೆ, ಅವರ ಪೆಡಲೂ ಜೊತೆಯಲ್ಲೇ ಕೆಳಗಿಳಿಯುತ್ತದೆ, ಕಾರು ನಿಲ್ಲುತ್ತದೆ. ಹತ್ತೊಂಬತ್ತು ವರ್ಷಗಳ ಅಭ್ಯಾಸದಿಂದ ನನ್ನ ಕಾಲು ಎಷ್ಟು ಹದವಾಗಿದೆಯೆಂದರೆ, ನಾನು ಬ್ರೇಕು ಹಾಕಿದ್ದು ಪಕ್ಕದಲ್ಲಿ ಕೂತವರ ಕೈಯ ನೀರಿನ ಲೋಟಕ್ಕೂ ಗೊತ್ತಾಗುವುದಿಲ್ಲ ಎಂದು ನಾನು ಎಲ್ಲರ ಮುಂದೆ ಜಂಭ ಕೊಚ್ಚಿಕೊಳ್ಳುತ್ತಿದ್ದೆ. ಆ ಜಂಭ ಈಗ ಇಲ್ಲ, ತಮ್ಮ ಕೃಪೆ.

ತಮ್ಮನ್ನು ನಮ್ಮ ಮನೆಗೆ ಕರೆತಂದವನು ನನ್ನ ಹೆಂಡತಿಯ ತಮ್ಮ. ಅವನು ಫೋನು ರಿಪೇರಿ ಮಾಡುವವನು, ಕೈಯಲ್ಲಿ ಸದಾ ಒಂದು ಸಣ್ಣ ಸ್ಕ್ರೂಡ್ರೈವರು, ಬಾಯಲ್ಲಿ ಸದಾ ಒಂದು ಹೊಸ ಸುದ್ದಿ. ಶಾಲೆಗೆಂದು, ಕಲಿಯುವವರು ರಸ್ತೆ ಚಿಹ್ನೆಗಳ ಪರೀಕ್ಷೆಯನ್ನು ಅಭ್ಯಾಸ ಮಾಡಲೆಂದು, ನಾನು ತೆಗೆದುಕೊಂಡಿದ್ದ ಟ್ಯಾಬನ್ನು ಅವನು ಒಂದು ಮಧ್ಯಾಹ್ನ ಕೈಗೆತ್ತಿಕೊಂಡು, "ಭಾವ, ದೊಡ್ಡ ಪೆಟ್ಟಿಗೆ ತಂದು ಟೀವಿಗೆ ಸಿಗಿಸಿ ಆಡ್ತಿದ್ದ ಆಟ ಇದು, ಈಗ ಅಂಗೈಗೇ ಬಂದಿದೆ, ಒಂದ್ಸಲ ನೋಡಿ ಸಾಕು" ಎಂದ. ನೋಡಿದೆ. ಬೆಟ್ಟಗಳು, ಬೀಳುವ ಕೋಟೆಗಳು, ಕುದುರೆಯ ಕತ್ತಿನ ಕೂದಲು ಗಾಳಿಗೆ ಒಂದೊಂದಾಗಿ ಹಾರುವುದು, ಕೆಸರಿನಲ್ಲಿ ಹೆಜ್ಜೆ ಊರಿದರೆ ಗುರುತು ಉಳಿಯುವುದು. ನಮ್ಮ ಮನೆಯ ಟೀವಿಯಲ್ಲಿ ವಾರ್ತೆ ಓದುವವರ ಮುಖವೂ ಇಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ಆದರೆ ಇಂಥ ವೈಭವಕ್ಕೆ ಜಾಗ ಬೇಕಲ್ಲ, ಟ್ಯಾಬಿನಲ್ಲಿ ಜಾಗ ಇರಲಿಲ್ಲ. ಆಗ ನಾನು ಯಾರ ಒತ್ತಾಯವೂ ಇಲ್ಲದೆ, ಸ್ವಂತ ಬುದ್ಧಿಯಿಂದ, ಸ್ವಂತ ಬೆರಳಿನಿಂದ ರಸ್ತೆ ಚಿಹ್ನೆಗಳ ಅಷ್ಟೂ ಪ್ರಶ್ನೆಗಳನ್ನು ಅಳಿಸಿ ತಮಗೆ ಜಾಗ ಮಾಡಿಕೊಟ್ಟೆ. ಮರುದಿನ ಪರೀಕ್ಷೆಗೆ ಓದಿಕೊಳ್ಳಲು ಬಂದ ಒಬ್ಬ ಬ್ಯಾಂಕ್ ಗುಮಾಸ್ತರು ಟ್ಯಾಬು ತೆರೆದು, ಪರದೆಯ ತುಂಬ ಕೊಡಲಿ ಎತ್ತಿ ನಿಂತಿದ್ದ ತಮ್ಮನ್ನು ಕಂಡು, "ಇದು ಯಾವ ಚಿಹ್ನೆ ಸಾರ್?" ಎಂದು ಕೇಳಿದರು. "ಮುಂದೆ ಅಪಾಯವಿದೆ, ನಿಧಾನವಾಗಿ ಹೋಗಿ ಅಂತ" ಎಂದು ಹೇಳಿ ಟ್ಯಾಬನ್ನು ಅವರ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡೆ. ಅವರು ಅದನ್ನು ಬರೆದುಕೊಂಡರು.

ತಮ್ಮ ಸನ್ನಿಧಿಗೆ ಬರುವ ಮೊದಲಿನ ಎರಡು ಹಂತಗಳಲ್ಲಿ ನಾನು ಹೇಗಿದ್ದೆ ಎಂಬುದನ್ನು ತಾವು ನೋಡಿಲ್ಲ, ನೋಡಿದ್ದರೆ ನನ್ನನ್ನು ಕಂಡಕೂಡಲೇ ದಾರಿ ಬಿಟ್ಟುಕೊಡುತ್ತಿದ್ದಿರಿ. ಬಾಣಗಳು ಬರುತ್ತಿದ್ದವು, ನನ್ನ ಯೋಧ ಸೊಂಟ ಬಳುಕಿಸಿ ಪಕ್ಕಕ್ಕೆ ಸರಿಯುತ್ತಿದ್ದ. ತೋಳಗಳು ಹಾರುತ್ತಿದ್ದವು, ಯೋಧ ಉರುಳಿ ಆಚೆ ಎದ್ದು ನಿಲ್ಲುತ್ತಿದ್ದ. ನಾನು ಮಾಡುತ್ತಿದ್ದದ್ದು ಎಡ ಹೆಬ್ಬೆರಳಿನಿಂದ ಮುಂದೆ ನಡೆಸುವುದು, ಬಲ ಹೆಬ್ಬೆರಳಿನಿಂದ ಕತ್ತಿಯ ಬಟನ್ನನ್ನು ಒತ್ತುತ್ತಲೇ ಇರುವುದು. ಅಷ್ಟಕ್ಕೇ ಶತ್ರುಗಳು ಸಾಲಾಗಿ ಮಣ್ಣು ಮುಕ್ಕುತ್ತಿದ್ದರು. "ನನ್ನ ಕಣ್ಣು, ಕೈ ಎರಡೂ ರಸ್ತೆಯಲ್ಲಿ ಪಳಗಿದ್ದು ಕಣೋ, ಇದೆಲ್ಲ ನನಗೆ ಲೆಕ್ಕವೇ ಅಲ್ಲ" ಎಂದು ಬಾಮೈದನಿಗೆ ಹೇಳಿದೆ. ಅವನು ಸ್ಕ್ರೂಡ್ರೈವರಿನಿಂದ ಕಿವಿ ಕೆರೆದುಕೊಂಡ. ಆ ಕೆರೆತದ ಅರ್ಥ ನನಗೆ ಆಗಲೇ ಆಗಬೇಕಿತ್ತು.

ಆಮೇಲೆ ಸೇತುವೆ ಬಂತು, ತಾವು ಬಂದಿರಿ. ಮೊದಲ ಭೇಟಿಯಲ್ಲಿ ತಾವು ನನಗೆ ಕೊಟ್ಟ ಸಮಯ ನಾಲ್ಕು ಸೆಕೆಂಡು. ತಮ್ಮ ಕೊಡಲಿ ಮೇಲೆದ್ದದ್ದನ್ನು ನೋಡಿದೆ, ಇಳಿದದ್ದನ್ನು ನೋಡಲಿಲ್ಲ. ಎರಡನೆಯ ಸಲ ತಾವು ಕೊಡಲಿ ಎತ್ತುವ ಮುನ್ನವೇ ನಾನು ಹಿಂದೆ ಸರಿಯಲು ಹೋಗಿ ಸೇತುವೆಯಿಂದ ಬಿದ್ದೆ. ಅದರಲ್ಲಿ ತಮ್ಮ ತಪ್ಪೇನೂ ಇಲ್ಲ, ತಾವು ಬಗ್ಗಿ ನೋಡಿದ್ದೂ ನನಗೆ ನೆನಪಿದೆ. ಇಪ್ಪತ್ತನೆಯ ಸಾವಿನ ಆಸುಪಾಸಿನಲ್ಲಿ ಬೆರಳು ಬೆವತು ಗಾಜಿನ ಮೇಲೆ ಜಾರತೊಡಗಿತು; ನಲವತ್ತರ ಹೊತ್ತಿಗೆ ಟ್ಯಾಬು ಇಸ್ತ್ರಿಪೆಟ್ಟಿಗೆಯಷ್ಟು ಬಿಸಿಯಾಗಿ ತೊಡೆಯ ಮೇಲೆ ದಿಂಬು ಹಾಕಿಕೊಳ್ಳಬೇಕಾಯಿತು; ಬಿಸಿ ಕಡಿಮೆಯಾಗಲೆಂದು ಬಾಮೈದನ ಸಲಹೆಯ ಮೇಲೆ ಚಿತ್ರದ ಗುಣಮಟ್ಟವನ್ನು ತಗ್ಗಿಸಿದೆ, ಆಗ ತಾವು ನನ್ನ ಕನ್ನಡಕ ತೆಗೆದಾಗ ಜಗತ್ತು ಹೇಗೆ ಕಾಣುತ್ತದೆಯೋ ಹಾಗೆ ಮಸುಕಾಗಿ ಕಂಡಿರಿ, ಕೊಡಲಿ ಮಾತ್ರ ಸ್ಪಷ್ಟವಾಗಿ ತಾಗಿತು. ಎಲ್ಲಕ್ಕಿಂತ ದೊಡ್ಡ ಪೆಟ್ಟು ಕೊಟ್ಟದ್ದು ನನ್ನ ಕಸುಬು. ಗಾಬರಿಯಾದಾಗ ನಾನು ಟ್ಯಾಬನ್ನು ಸ್ಟೀರಿಂಗಿನ ಹಾಗೆ ತಿರುಗಿಸಿಬಿಡುತ್ತೇನೆ. ಟ್ಯಾಬು ವಾಲಿದರೆ ನೋಟವೂ ವಾಲುವಂತೆ ಆಟದಲ್ಲಿ ಏರ್ಪಾಡಿದೆಯಂತೆ. ಹೀಗಾಗಿ ನೂರಾರು ಸಲ ನಾನು ಕೊನೆಯದಾಗಿ ಕಂಡದ್ದು ತಮ್ಮ ಮುಖವನ್ನಲ್ಲ, ಸೇತುವೆಯ ಮೇಲಿನ ಆಕಾಶವನ್ನು. ಒಳ್ಳೆಯ ಆಕಾಶ, ಮೋಡಗಳನ್ನು ಬಹಳ ಶ್ರದ್ಧೆಯಿಂದ ಬರೆದಿದ್ದಾರೆ.

ತಮಗೆ ಕೊಡಲಿ ಮಾವ ಎಂಬ ಹೆಸರಿಟ್ಟವಳು ನನ್ನ ಹೆಂಡತಿ. ಆಟದಲ್ಲಿ ತಮ್ಮ ಹೆಸರನ್ನು ಬಳ್ಳಿಬಳ್ಳಿಯಾದ ಯಾವುದೋ ಲಿಪಿಯಲ್ಲಿ ಬರೆದಿರುವುದರಿಂದ ನಮಗೆ ಓದಲು ಬರುವುದಿಲ್ಲ. ಆದರೆ ಅವಳ ಸೋದರಮಾವ ಒಬ್ಬರು ಮನೆಯ ಗೇಟಿಗೆ ಅಡ್ಡ ನಿಂತು, ಬಂದವರನ್ನು ಅಡಿಯಿಂದ ಮುಡಿಯವರೆಗೆ ನೋಡುವ ಭಂಗಿ ತಮ್ಮದೇ ಎಂದು ಅವಳು ಹೇಳುತ್ತಾಳೆ. ಅವಳು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ನರ ಸಿಗದವರ ತೋಳಿನಲ್ಲೂ ಒಂದೇ ಚುಚ್ಚಿಗೆ ರಕ್ತ ತೆಗೆಯುತ್ತಾಳೆ, ಅಳುವ ಮಕ್ಕಳು ಅವಳ ಮುಂದೆ ಅಳುವುದನ್ನು ಮರೆಯುತ್ತಾರೆ. ಇಂಥ ಕೈ ಇರುವವಳಿಗೆ ಹನ್ನೊಂದು ವರ್ಷಗಳಿಂದ, ಬಿಟ್ಟು ಬಿಟ್ಟು, ನಾನು ಕಾರು ಕಲಿಸುತ್ತಿದ್ದೇನೆ. ಎರಡು ಸಲ ಪರೀಕ್ಷೆಗೆ ಹೋಗಿ ಎರಡು ಸಲವೂ ನಪಾಸಾಗಿ ಬಂದಿದ್ದಾಳೆ. ಊರಿನವರಿಗೆಲ್ಲ ಕಲಿಸಿ ಹೆಂಡತಿಗೆ ಕಲಿಸಲಾಗದವನು ಎಂದು ನನ್ನನ್ನು ಜನ ಆಡಿಕೊಳ್ಳುವ ಮೊದಲು ನಾನೇ ಆಡಿಕೊಂಡುಬಿಡುತ್ತಿದ್ದೆ, ಮತ್ತು ಆ ನಗೆಯ ಪಾಲನ್ನು ಜಾಣತನದಿಂದ ಅವಳ ಕಡೆ ತಿರುಗಿಸುತ್ತಿದ್ದೆ.

ತಮ್ಮ ಕೈಯಲ್ಲಿ ನಾನು ನೂರೈವತ್ತನೆಯ ಸಲ ಸತ್ತ ವಾರದಲ್ಲಿ ಅವಳಿಗೆ ಆಸ್ಪತ್ರೆಯಿಂದ ಒಂದು ಪತ್ರ ಬಂತು. ಊರಿನ ಹೊರಗೆ ಇಪ್ಪತ್ತೆರಡು ಕಿಲೋಮೀಟರು ದೂರದಲ್ಲಿ ತೆರೆಯುವ ಹೊಸ ಆಸ್ಪತ್ರೆಯ ಲ್ಯಾಬಿಗೆ ಅವಳೇ ಮುಖ್ಯಸ್ಥೆ. ಬೆಳಿಗ್ಗೆ ಆರೂವರೆಗೆ ಅಲ್ಲಿರಬೇಕು; ಆ ಹೊತ್ತಿಗೆ ಬಸ್ಸು ಡಿಪೋದಿಂದಲೇ ಹೊರಟಿರುವುದಿಲ್ಲ. ನನ್ನ ಪಾಠಗಳು ಶುರುವಾಗುವುದೂ ಕೆಲಸಕ್ಕೆ ಹೋಗುವವರ ಅನುಕೂಲಕ್ಕೆಂದು ಆ ಹೊತ್ತಿಗೇ. ಆದರೂ ನಾನು ದೊಡ್ಡ ಮನಸ್ಸು ಮಾಡಿ, "ನಾನೇ ಬಿಟ್ಟು ಬರ್ತೀನಿ ಬಿಡು" ಎಂದೆ. ಅವಳು ಪತ್ರವನ್ನು ಮಡಚಿ, "ಮದುವೆಯಾದಾಗಿಂದ ಬಿಟ್ಟು ಬರ್ತಾನೇ ಇದ್ದೀರಿ" ಎಂದಳು. ಕೋಪದಲ್ಲಿ ಹೇಳಿದ್ದರೆ ಜಗಳವಾಡಬಹುದಿತ್ತು, ಅವಳು ಸುಸ್ತಾದವರ ಹಾಗೆ ಹೇಳಿದಳು. ಎರಡು ತಿಂಗಳೊಳಗೆ ಲೈಸೆನ್ಸು ಬರದಿದ್ದರೆ ಬೇಡವೆಂದು ಬರೆದುಕೊಡುವುದು, ಆ ಜಾಗ ಅವಳ ಕೈಕೆಳಗೆ ಕೆಲಸ ಕಲಿತವರಿಗೆ ಹೋಗುವುದು ಎಂದು ಆ ದಿನ ತೀರ್ಮಾನವಾಯಿತು. ತೀರ್ಮಾನ ಮಾಡಿದವಳು ಅವಳು, ನಾನು ತಲೆಯಾಡಿಸಿ ಟ್ಯಾಬು ತೆರೆದೆ.

ಇಲ್ಲಿಗೆ ನನ್ನ ದೂರಿನ ಮುಖ್ಯ ಭಾಗ ಬಂತು, ತಾವು ಕೊಡಲಿಯನ್ನು ಒಂದು ಗಳಿಗೆ ಕೆಳಗಿಟ್ಟು ಕೇಳಬೇಕು. ಆ ಭಾನುವಾರ ಮಧ್ಯಾಹ್ನ ಬಾಮೈದ ಬಂದಿದ್ದ, ಹೆಂಡತಿ ಎದುರಿನ ಮಂಚದ ಮೇಲೆ ಕೂತು ಲ್ಯಾಬಿನ ಬಿಳಿ ಕೋಟುಗಳನ್ನು ಮಡಚುತ್ತಿದ್ದಳು, ನಾನು ಎಂದಿನಂತೆ ತಮ್ಮಿಂದ ಏಟು ತಿನ್ನುತ್ತಿದ್ದೆ. "ಹಿಂದಿನ ಎರಡು ಹಂತದಲ್ಲಿ ಗಾಳಿಯ ಹಾಗೆ ಸರಿಯುತ್ತಿದ್ದ ಯೋಧ ಇಲ್ಲಿಗೆ ಬಂದ ಕೂಡಲೇ ಕಲ್ಲುಕಂಬದ ಹಾಗೆ ನಿಂತು ಯಾಕೆ ಏಟು ತಿನ್ನುತ್ತಾನೆ, ಆಟವೇ ಕೆಟ್ಟಿದೆ" ಎಂದು ನಾನು ರೇಗಿದಾಗ ಬಾಮೈದ ಪರದೆಯ ಬಲಮೂಲೆಯಲ್ಲಿದ್ದ ಒಂದು ಸಣ್ಣ ನೀಲಿ ಬಟನ್ನನ್ನು ತೋರಿಸಿ, ಇದನ್ನು ಯಾವತ್ತಾದರೂ ಒತ್ತಿದ್ದೀರಾ ಎಂದು ಕೇಳಿದ. ಅದು ಅಲಂಕಾರಕ್ಕೆ ಇಟ್ಟದ್ದು ಎಂದುಕೊಂಡಿದ್ದೆ ಎಂದೆ. ಅವನು, "ಭಾವ, ಶುರುವಿನ ಎರಡು ಹಂತಕ್ಕೆ ಆಟವೇ ಸಹಾಯ ಮಾಡುತ್ತೆ. ಅಲ್ಲೀತನಕ ನೀವು ಕತ್ತಿ ಬೀಸಿದ್ದಷ್ಟೇ. ಏಟು ತಪ್ಪಿಸ್ತಿದ್ದದ್ದು ನೀವಲ್ಲ, ಅದು" ಎಂದ.

ನಾನು ಏನೋ ಹೇಳಿ ನಗೆಯಲ್ಲಿ ತೇಲಿಸಿಬಿಡುತ್ತಿದ್ದೆ. ಆದರೆ ಅಷ್ಟರಲ್ಲಿ ನನ್ನ ಹೆಂಡತಿ ಕೋಟಿನ ತೋಳನ್ನು ಮಡಚುತ್ತಾ, ತಲೆಯನ್ನೂ ಎತ್ತದೆ, "ನಮ್ಮ ಕಾರಿನ ಹಾಗೇ ಅನ್ನಿ" ಎಂದಳು.

ಅವಳು ಅದನ್ನು ಚುಚ್ಚಲೆಂದು ಹೇಳಲಿಲ್ಲ ಮಾನ್ಯರೇ, ಚುಚ್ಚಿದ್ದರೆ ಅವಳ ಕಸುಬಿನಂತೆ ನೋವಿಲ್ಲದೆ ಚುಚ್ಚುತ್ತಿದ್ದಳು. ತೋಚಿದ್ದನ್ನು ಹೇಳಿದಳು, ಮುಂದಿನ ಕೋಟು ಕೈಗೆತ್ತಿಕೊಂಡಳು. ನಾನು ಟ್ಯಾಬನ್ನು ಮಗುಚಿಟ್ಟು ಅವಳ ಪರೀಕ್ಷೆಗಳನ್ನು ನೆನೆಸಿಕೊಂಡೆ. ಅವಳ ಮೊದಲ ಪರೀಕ್ಷೆಯ ದಿನ ಇನ್‌ಸ್ಪೆಕ್ಟರು ಪಕ್ಕದಲ್ಲಿ ಕೈಕಟ್ಟಿ ಕೂತಿದ್ದರಂತೆ, ಇವಳು ಬಿಳಿ ಗೆರೆಯ ಹತ್ತಿರ ಬಂದು ಬ್ರೇಕು ಮುಟ್ಟಿದಳಂತೆ, ಕಾರು ಯಾವ ಸಂಕೋಚವೂ ಇಲ್ಲದೆ ಗೆರೆ ದಾಟಿ ಮುಂದೆ ಹೋಯಿತಂತೆ. ಎರಡನೆಯ ಸಲವೂ ಅಷ್ಟೆ. ಮನೆಗೆ ಬಂದು, "ಯಾಕೋ ನಿಲ್ಲಲೇ ಇಲ್ಲ ರೀ" ಎಂದಿದ್ದಳು. ಆ ಮಾತನ್ನು ನಾನು ಎಷ್ಟು ವರ್ಷ ಕಲಿಯಲು ಬಂದವರಿಗೆಲ್ಲ ತಮಾಷೆಯಾಗಿ ಹೇಳಿ ಹೊಟ್ಟೆ ಹುಣ್ಣಾಗುವಂತೆ ನಗಿಸಿದ್ದೇನೆ. ಆ ಭಾನುವಾರ ನನಗೆ ಹೊಳೆದದ್ದು ಇಷ್ಟು: ಬೇರೆಯವರಿಗೆ ಕಲಿಸುವಾಗ ನನ್ನ ಕಾಲು ಬ್ರೇಕಿನಿಂದ ನಾಲ್ಕು ಬೆರಳು ಮೇಲಿರುತ್ತದೆ, ಅವರು ತಪ್ಪುವವರೆಗೆ ಕಾಯುತ್ತದೆ. ಹೆಂಡತಿ ಸ್ಟೀರಿಂಗು ಹಿಡಿದರೆ ಮಾತ್ರ ಅದು ಬ್ರೇಕಿನ ಮೇಲೇ ಕೂತಿರುತ್ತದೆ, ಏಕೆಂದರೆ ಅವಳಿಗೆ ಏನಾದರೂ ಆದರೆ ಎಂಬ ಭಯ ನನಗೆ. ಅವಳ ಕಾಲು ಪೆಡಲನ್ನು ಮುಟ್ಟುವಷ್ಟರಲ್ಲಿ ನಾನು ನನ್ನದನ್ನು ಒತ್ತಿರುತ್ತಿದ್ದೆ, ಅವಳ ಪೆಡಲು ತಾನಾಗಿ ಕೆಳಗಿಳಿಯುತ್ತಿತ್ತು, ಕಾರು ಹೂವಿನ ಹಾಗೆ ನಿಲ್ಲುತ್ತಿತ್ತು. ಬ್ರೇಕನ್ನು ಮುಟ್ಟಿದರೆ ಸಾಕು, ಒತ್ತಬೇಕಿಲ್ಲ ಎಂದು ಹನ್ನೊಂದು ವರ್ಷ ನಾನೇ ಅವಳ ಕಾಲಿಗೆ ಕಲಿಸಿದ್ದೆ. ಅವಳು ಚೆನ್ನಾಗಿಯೇ ಕಲಿತಿದ್ದಳು.

ತಮ್ಮ ಮೇಲಿನ ನನ್ನ ಮೊದಲ ಆಕ್ಷೇಪಣೆ ಇದೇ: ಇದನ್ನು ನನಗೆ ತಿಳಿಸಿಕೊಡಲು ತಾವು ಇನ್ನೂರು ಸಲ ಕೊಲ್ಲಬೇಕಾಗಿರಲಿಲ್ಲ. ಹತ್ತು ಸಲಕ್ಕೆ ತಿಳಿಯುವಷ್ಟು ಬುದ್ಧಿ ನನಗಿದೆ ಎಂದು ನಾನು ನಂಬಿಕೊಂಡಿದ್ದೆ. ಇಲ್ಲ ಎಂದು ತೋರಿಸಿಕೊಟ್ಟಿರಿ, ವಂದನೆಗಳು.

ಮರುದಿನದಿಂದ ನಾನು ಹಿಂದಿನ ಸೀಟಿಗೆ ಹೋದೆ. ಊರಂಚಿನಲ್ಲಿ ಮುಚ್ಚಿಹೋದ ಒಂದು ಗೋದಾಮಿದೆ, ಅದರ ಹಿಂದೆ ಸಿಮೆಂಟು ಹಾಕಿದ ದೊಡ್ಡ ಅಂಗಳ, ಮೂಲೆಯಲ್ಲಿ ನಾಲ್ಕಾರು ಖಾಲಿ ಡ್ರಮ್ಮುಗಳು. ದಿನಾ ಸಂಜೆ ಅವಳ ಡ್ಯೂಟಿ ಮುಗಿದ ಮೇಲೆ ಅಲ್ಲಿಗೆ ಹೋಗುತ್ತಿದ್ದೆವು. ಅವಳು ಮುಂದೆ ಒಬ್ಬಳೇ, ನಾನು ಹಿಂದೆ. ಆದರೆ ಬ್ರೇಕಿಲ್ಲದ ನನಗೆ ಬಾಯಿ ಇತ್ತು. ಮೊದಲ ದಿನ ಹತ್ತು ನಿಮಿಷದಲ್ಲಿ ನಾನು ಎಷ್ಟು ಸಲ ಅಯ್ಯಯ್ಯೋ ಎಂದೆನೆಂದರೆ ಅವಳು ಕಾರು ಆಫ್ ಮಾಡಿ, ಹಿಂದೆ ತಿರುಗಿ, "ಆ ಟ್ಯಾಬು ತಂದಿದ್ದೀರಲ್ಲ, ಅದನ್ನ ತೆಗೆದು ಆಡಿ" ಎಂದಳು. ತಮ್ಮ ಉಪಕಾರವನ್ನು ನಾನು ಮರೆಯುವಂತಿಲ್ಲ ಎನ್ನುವುದು ಇದಕ್ಕೇ. ಅವಳು ಅತ್ತ ಹಾಫ್ ಕ್ಲಚ್ಚಿನಲ್ಲಿ ಕಾರನ್ನು ತೆವಳಿಸುವಾಗ, ಗೇರು ಬದಲಿಸಲು ಹೋಗಿ ಕಾರು ಜರ್ಕು ಹೊಡೆದು ಸಾಯುವಾಗ, ನಾನು ಇತ್ತ ಹಲ್ಲು ಕಚ್ಚಿಕೊಂಡು ತಮ್ಮ ಕೊಡಲಿಯ ಕೆಳಗೆ ಸಾಯುತ್ತಿದ್ದೆ. ಕಾರಿನಲ್ಲಿ ಇಬ್ಬರೂ ಒಟ್ಟಿಗೆ ಸತ್ತು ಒಟ್ಟಿಗೆ ಶುರುಮಾಡಿದ ಸಂಜೆಗಳೂ ಇವೆ. ನಾಲ್ಕನೆಯ ದಿನ ಅವಳು ಬ್ರೇಕನ್ನು ಮುಟ್ಟಿದಳು, ಒತ್ತಲಿಲ್ಲ, ಕಾರು ಹೋಗಿ ಡ್ರಮ್ಮಿಗೆ ಗುದ್ದಿತು. ಡ್ರಮ್ಮು ಉರುಳುತ್ತಾ ಅಂಗಳದ ಆ ತುದಿಯವರೆಗೆ ಹೋಯಿತು. ನಾನು ಬಾಯಿ ತೆರೆಯಬೇಕು, ಅಷ್ಟರಲ್ಲಿ ತಾವು ಸರಪಳಿ ಬೀಸಿದಿರಿ, ನನ್ನ ಎರಡೂ ಹೆಬ್ಬೆರಳುಗಳಿಗೆ ಕೆಲಸ ಬಂತು, ಮಾತು ಗಂಟಲಲ್ಲೇ ಉಳಿಯಿತು. ಮುಂದಿನ ಸೀಟಿನಿಂದ, "ಓ, ಇಷ್ಟು ಜೋರಾಗಿ ಒತ್ತಬೇಕಾ" ಎಂಬ ಮಾತು ಕೇಳಿಸಿತು. ಅದನ್ನು ನನಗೆ ಹೇಳಿದ್ದಲ್ಲ, ತನ್ನ ಕಾಲಿಗೆ ಹೇಳಿಕೊಂಡದ್ದು. ಐದನೆಯ ದಿನ ಡ್ರಮ್ಮಿಗೆ ಒಂದು ಗೇಣು ಬಿಟ್ಟು ಕಾರು ನಿಂತಿತು.

ಆದ್ದರಿಂದ ಈ ಪತ್ರದ ಮೂಲಕ ನಮ್ಮ ಶಾಲೆಯಲ್ಲಿ ಬೋಧಕರ ಹುದ್ದೆಯನ್ನು ಅಲಂಕರಿಸಬೇಕೆಂದು ತಮ್ಮನ್ನು ಪ್ರಾರ್ಥಿಸುತ್ತಿದ್ದೇನೆ, ಇದರಲ್ಲಿ ವ್ಯಂಗ್ಯ ಸ್ವಲ್ಪವೇ ಇದೆ. ತಾವು ಕಲಿಯುವವನ ಕೈಯಿಂದ ಏನನ್ನೂ ಕಸಿದುಕೊಳ್ಳುವುದಿಲ್ಲ. ಅವನು ತಪ್ಪುವ ಮೊದಲೇ ತಡೆಯುವುದಿಲ್ಲ, ತಪ್ಪಿದ ಮೇಲೆ ಎಲ್ಲರ ಮುಂದೆ ಅದನ್ನು ಹೇಳಿ ನಗುವುದಿಲ್ಲ. ತಪ್ಪನ್ನು ಪೂರ್ತಿಯಾಗಿ ಮಾಡಲು ಬಿಡುತ್ತೀರಿ, ತಕ್ಕ ಏಟು ಕೊಡುತ್ತೀರಿ, ಆಮೇಲೆ ಅದೇ ಸೇತುವೆ, ಅದೇ ಆಕಾಶ, ಅದೇ ಗಂಭೀರ ಮುಖ. ಹಿಂದಿನ ಸಲದ ಮಾತೇ ಇಲ್ಲ. ಹತ್ತೊಂಬತ್ತು ವರ್ಷದಲ್ಲಿ ನಾನು ಒಬ್ಬರೇ ಒಬ್ಬರಿಗೂ ಹೀಗೆ ಮುಖದಲ್ಲಿ ಗೆರೆ ಮೂಡದ ಹಾಗೆ ಇನ್ನೊಂದು ಸಲ ಕಲಿಸಿಲ್ಲ. ತಾವು ಒಪ್ಪಿದರೆ ಕೊಡಲಿಯನ್ನು ಡಿಕ್ಕಿಯಲ್ಲಿಟ್ಟುಕೊಳ್ಳಬಹುದು, ಸರಪಳಿ ಕೆಟ್ಟ ಗಾಡಿಗಳನ್ನು ಎಳೆಯಲು ಬೇಕಾಗುತ್ತದೆ, ತಮ್ಮ ಎತ್ತರಕ್ಕೆ ಕಾರಿನ ಚಾವಣಿಯನ್ನು ಕೊರೆಸಿಕೊಡುತ್ತೇನೆ. ಇದಕ್ಕೆ ಬದಲಾಗಿ ತಮ್ಮಿಂದ ನಾನು ಬೇಡುವುದು ಬಹಳ ಸಣ್ಣ ಸೌಲಭ್ಯಗಳು. ಕೊಡಲಿ ಬೀಸುವ ಮೊದಲು ಯಾವ ಕಡೆಗೆ ಎಂದು ಇಂಡಿಕೇಟರು ಹಾಕಬೇಕು. ರಸ್ತೆಯಲ್ಲಿ ಎಮ್ಮೆಗಳನ್ನು ಬಿಟ್ಟರೆ ಮುನ್ಸೂಚನೆಯಿಲ್ಲದೆ ತಿರುಗುವವರು ತಾವೊಬ್ಬರೇ. ನಿಲ್ಲುವಾಗ ನನ್ನ ಬಲ ಹೆಬ್ಬೆರಳಿನಿಂದ ಎರಡು ಹೆಜ್ಜೆ ಆಚೆ ನಿಲ್ಲಬೇಕು. ವಾರದಲ್ಲಿ ಒಂದು ದಿನ, ನನಗೆ ಬಿಡುವಿರುವ ದಿನ, ತಮಗೆ ಜ್ವರ ಬರಬೇಕು.

ಪರೀಕ್ಷೆಯ ದಿನ ನಾನು ಮೈದಾನದ ತಂತಿ ಬೇಲಿಯ ಆಚೆ ನಿಂತಿದ್ದೆ. ಇನ್‌ಸ್ಪೆಕ್ಟರು ಅದೇ ಹಳಬರು, ಅದೇ ಕೈಕಟ್ಟಿ ಕೂರುವ ಅಭ್ಯಾಸ. ಕಾರು ಬಿಳಿ ಗೆರೆಯ ಕಡೆಗೆ ಬಂತು, ನನ್ನ ಕಾಲು ತಾನಾಗಿ ನೆಲವನ್ನು ಒತ್ತಿತು, ಬ್ರೇಕಿನ ದೀಪ ಕೆಂಪಗೆ ಹೊತ್ತಿಕೊಂಡು ಕಾರು ಎಷ್ಟು ಗಟ್ಟಿಯಾಗಿ ನಿಂತಿತೆಂದರೆ ಇನ್‌ಸ್ಪೆಕ್ಟರ ಕಟ್ಟಿದ ಕೈ ಬಿಚ್ಚಿಕೊಂಡಿತು, ಕನ್ನಡಕ ಮೂಗಿನ ತುದಿಗೆ ಬಂತು. ಹೂವಿನ ಹಾಗಂತೂ ನಿಲ್ಲಲಿಲ್ಲ. ಅವರು ಇಳಿದು ಬಂದು, ನನ್ನ ಗುರುತಿದ್ದುದರಿಂದ, "ಯಾರ ಹತ್ತಿರ ಕಲಿತರು ಇವರು? ಬ್ರೇಕು ತುಸು ಜೋರು" ಎಂದರು. ತಮ್ಮ ಹೆಸರು ಹೇಳಬೇಕಿತ್ತು, ಹೇಳಲು ಬರುವುದಿಲ್ಲವಾದ್ದರಿಂದ ಸುಮ್ಮನೆ ನಕ್ಕೆ. ಅವರು ಪಾಸು ಎಂದು ಬರೆದರು. ಅವಳು ನನ್ನ ಕಡೆ ನೋಡಲಿಲ್ಲ, ಕಾರಿನ ಬಾಗಿಲನ್ನು ಎರಡು ಸಲ ಹಾಕಿ ತೆಗೆದು ಸರಿಯಾಗಿ ಮುಚ್ಚಿದೆಯೇ ಎಂದು ನೋಡುತ್ತಾ ನಿಂತಿದ್ದಳು, ಅಳುವಾಗ ಅವಳು ಯಾವಾಗಲೂ ಹೀಗೆ ಏನಾದರೂ ಕೆಲಸ ಹುಡುಕಿಕೊಳ್ಳುತ್ತಾಳೆ.

ಇಷ್ಟೆಲ್ಲ ಒಳ್ಳೆಯದಾದ ಮೇಲೂ ದೂರೇಕೆ ಎಂದು ತಾವು ಕೇಳಬಹುದು. ಕಳೆದ ಸೋಮವಾರ ಅವಳು ಹೊಸ ಆಸ್ಪತ್ರೆಗೆ ಮೊದಲ ದಿನ ಹೊರಟಳು, ಬಾಮೈದನ ಹಳೆಯ ಕಾರಿನಲ್ಲಿ. ಅದರಲ್ಲಿ ಎರಡನೆಯ ಬ್ರೇಕು ಇಲ್ಲ. ಐದೂವರೆಗೆ ನಾನು ಬೈಕನ್ನು ಸದ್ದಾಗದಂತೆ ಗೇಟಿನ ಬಳಿಗೆ ತಳ್ಳಿಕೊಂಡು ಹೋಗಿ ನಿಲ್ಲಿಸಿ, ಏನೂ ಅರಿಯದವನ ಹಾಗೆ ಹೊಸಿಲ ಮೇಲೆ ನಿಂತಿದ್ದೆ. ಅವಳು ಕಾರು ಹತ್ತಿ, ಕನ್ನಡಿ ಸರಿಮಾಡಿಕೊಂಡು, ಕಿಟಕಿ ಇಳಿಸಿ, "ಹೆಲ್ಮೆಟ್ ಒಳಗಿಡಿ" ಎಂದಳು. ಅದು ನನ್ನ ಬೆನ್ನ ಹಿಂದಿನ ಕೈಯಲ್ಲಿತ್ತು. "ಹಿಂದೆ ಬರಬೇಡಿ. ಬಂದರೆ ನನಗೆ ಕನ್ನಡೀಲಿ ನೀವೇ ಕಾಣ್ತೀರಿ, ರಸ್ತೆ ಕಾಣಲ್ಲ" ಎಂದಳು. ನಾನು ಒಳಗೆ ಹೋಗಿ ಹೆಲ್ಮೆಟನ್ನು ಮೊಳೆಗೆ ಹಾಕಿ ಹೊರಗೆ ಬರುವಷ್ಟರಲ್ಲಿ ಗೇಟಿನ ಹತ್ತಿರ ಕಾರು ಒಮ್ಮೆ ಆಫ್ ಆಗಿತ್ತು. ನಾನು ಹೋಗಲಿಲ್ಲ. ಮತ್ತೆ ಸ್ಟಾರ್ಟ್ ಆಯಿತು, ರಸ್ತೆಗೆ ಇಳಿಯಿತು, ತಿರುವಿನಾಚೆ ಸದ್ದು ಕರಗಿಹೋಯಿತು. ಆರು ಗಂಟೆಗೆ ಬರಬೇಕಿದ್ದ ವಿದ್ಯಾರ್ಥಿಗೆ ಮೈ ಸರಿಯಿಲ್ಲವೆಂದು ಸುಳ್ಳು ಹೇಳಿ, ಮುಂದಿನ ಕೋಣೆಯ ಕುರ್ಚಿಯಲ್ಲಿ ಕೂತು ಟ್ಯಾಬು ತೆರೆದೆ. ನನಗೆ ಆಟ ಬೇಕಾಗಿರಲಿಲ್ಲ, ಕೈಗೆ ಏನಾದರೂ ಬೇಕಾಗಿತ್ತು. ಇಪ್ಪತ್ತೆರಡು ಕಿಲೋಮೀಟರಿಗೆ ನಲವತ್ತು ನಿಮಿಷ ಸಾಕು. ಐವತ್ತಾದವು. ಲಾರಿಗಳು ಓಡಾಡುವ ದಾರಿ ಅದು.

ಮಾನ್ಯರೇ, ಆ ಬೆಳಿಗ್ಗೆ ನಾನು ಎಂದೂ ಆಡದಷ್ಟು ಚೆನ್ನಾಗಿ ಆಡಿದೆ. ಮನಸ್ಸು ಬೇರೆಲ್ಲೋ ಇದ್ದುದರಿಂದ ಬೆರಳುಗಳು ತಮ್ಮ ಪಾಡಿಗೆ ತಾವು ನೀಲಿ ಬಟನ್ನು ಒತ್ತುತ್ತಿದ್ದವು. ತಮ್ಮ ಕೊಡಲಿ ಮೂರು ಸಲ ಖಾಲಿ ನೆಲಕ್ಕೆ ಬಿತ್ತು, ಕೆಂಪು ಪಟ್ಟಿ ಅರ್ಧಕ್ಕೆ ಇಳಿಯಿತು, ಆಮೇಲೆ ಕಾಲುಭಾಗಕ್ಕೆ ಇಳಿಯಿತು, ತಾವು ಒಂದು ಮೊಣಕಾಲೂರಿ ಏದುಸಿರು ಬಿಡುವುದನ್ನು ನಾನು ಮೊದಲ ಸಲ ನೋಡಿದೆ. ಇನ್ನು ಎರಡೇ ಏಟು. ಆಗ ಪರದೆಯ ಮೇಲಿನಿಂದ ಒಂದು ಬಿಳಿ ಚೀಟಿ ಇಳಿದು ತಮ್ಮನ್ನೂ ಕೊಡಲಿಯನ್ನೂ ಪೂರ್ತಿ ಮುಚ್ಚಿತು. ಅದರಲ್ಲಿ ನನ್ನ ಹೆಂಡತಿ, "ತಲುಪಿದೆ. ದಾರೀಲಿ ಚಹಾ ಕುಡಿಯೋಕೆ ನಿಲ್ಲಿಸಿದ್ದೆ, ಸುಮ್ಮನೆ, ನಿಲ್ಲಿಸಬೇಕು ಅನ್ನಿಸ್ತು" ಎಂದು ಬರೆದಿದ್ದಳು. ನಾನು ಅದನ್ನು ಸರಿಸಲಿಲ್ಲ. ಓದಿದೆ, ಇನ್ನೊಮ್ಮೆ ಓದಿದೆ, ಅದು ತಾನಾಗಿ ಮೇಲೆ ಹೋದಾಗ ನನ್ನ ಯೋಧ ಸೇತುವೆಯ ಮೇಲೆ ಅಂಗಾತ ಬಿದ್ದಿದ್ದ.

ಅದನ್ನು ಆಟವು ಮುನ್ನೂರ ಹದಿಮೂರನೆಯದು ಎಂದು ತೋರಿಸುತ್ತಿದೆ. ನನ್ನ ದೂರು ಇದರ ಮೇಲೆ ಮಾತ್ರ, ಮಿಕ್ಕದ್ದನ್ನೆಲ್ಲ ತಾವು ಮರೆತರೂ ನನಗೆ ಬೇಸರವಿಲ್ಲ. ಮುನ್ನೂರ ಹನ್ನೆರಡು ಸಲ ತಾವು ನನ್ನನ್ನು ಕೊಂದದ್ದನ್ನು ಒಪ್ಪುತ್ತೇನೆ, ಬೇಕಾದಲ್ಲಿ ಸಹಿ ಹಾಕಿಕೊಡುತ್ತೇನೆ. ಆದರೆ ಸೋಮವಾರ ಬೆಳಿಗ್ಗೆಯದು ತಾವು ಕೊಂದದ್ದಲ್ಲ, ನಾನು ಸಂತೋಷಕ್ಕೆ ಕೈಬಿಟ್ಟದ್ದು. ಅದನ್ನು ದಯವಿಟ್ಟು ತಮ್ಮ ಹೆಸರಿನಿಂದ ತೆಗೆಯಬೇಕು.

ತಮ್ಮ ಏಟುಗಳಿಗೆ ಋಣಿಯಾಗಿರುವ,
ತಮ್ಮ ವಿಶ್ವಾಸಿ,
ಈಗ ಹಿಂದಿನ ಸೀಟಿನಲ್ಲಿ ಕೂರುವ ಬೋಧಕ

ಮರೆತಿದ್ದ ಒಂದು ಮಾತು: ನಿನ್ನೆ ಸಂಜೆ ನನ್ನ ಹೆಂಡತಿ ಕೈಕಾಲು ತೊಳೆದು ಬಂದು, "ಎಲ್ಲಿ, ಕೊಡಿ ಇಲ್ಲಿ" ಎಂದು ಟ್ಯಾಬು ಕೇಳಿದಳು. ನಾಲ್ಕು ಸಲ ಸತ್ತಳು, ಐದನೆಯ ಸಲಕ್ಕೆ ತಮ್ಮ ಪಾದಗಳು ಕಾಣುವ ಹಾಗೆ ಟ್ಯಾಬನ್ನು ಮೇಜಿನ ಮೇಲಿಟ್ಟು, ಹೆಬ್ಬೆರಳು ಬಿಟ್ಟು ತೋರುಬೆರಳುಗಳಲ್ಲಿ ಆಡತೊಡಗಿದಳು. ನನಗೆ ಇಷ್ಟು ದಿನ ಇದು ಹೊಳೆದಿರಲಿಲ್ಲ. ಕೊಡಲಿ ಏಳುವ ಮೊದಲು ತಾವು ಎಡಗಾಲನ್ನು ಸ್ವಲ್ಪ ಹಿಂದಕ್ಕೆ ಇಡುತ್ತೀರಂತೆ, ಅವಳು ಸೂಜಿ ಚುಚ್ಚುವ ಮೊದಲು ರೋಗಿಗಳೂ ಹಾಗೇ ಮಾಡುತ್ತಾರಂತೆ. ನನ್ನಿಂದ ತಮಗೆ ಅಪಾಯವಿಲ್ಲ, ಆ ಧೈರ್ಯದಲ್ಲಿ ತಾವು ಇಷ್ಟು ದಿನ ಹಾಯಾಗಿದ್ದಿರಿ. ಮನೆಮಂದಿಗೆ ಹೇಳುವುದೇನಾದರೂ ಇದ್ದರೆ ಈ ವಾರದಲ್ಲೇ ಹೇಳಿಕೊಳ್ಳುವುದು ಒಳ್ಳೆಯದು.